ಮಂಡಿಪೇಟೆಯ ಮೇಲ್ಮಾಳಿಗೆಯಲ್ಲಿ ಯಾರಿರಬೇಕು?

ದಾವಣಗೆರೆಯ ಹಳೇ ಪೇಟೆಯನ್ನು ಮತ್ತೆ ಕಟ್ಟುವ ಮಾತು ಎದ್ದಾಗೆಲ್ಲ ಎರಡು ದನಿ ಕೇಳುತ್ತವೆ. ‘ಮಂಡಿಪೇಟೆ, ಚೌಕಿಪೇಟೆ ಈಗಲೇ ಉಸಿರು ಕಟ್ಟುವಂತಿವೆ, ಇನ್ನಷ್ಟು ಜನರನ್ನು ತುಂಬಿದರೆ ಕುಡಿಯಲು ನೀರಿಲ್ಲ, ಗಾಡಿ ನಿಲ್ಲಿಸಲು ಜಾಗವಿಲ್ಲ’ ಎನ್ನುವುದು ಒಂದು. ‘ಊರು ಹೊಲ ನುಂಗುತ್ತ ಹೋಗುವುದಕ್ಕಿಂತ ನಡುಪೇಟೆಯಲ್ಲೇ ಮೇಲಕ್ಕೆ ಕಟ್ಟಲು ಬಿಡಿ, ಮನೆ ಹೆಚ್ಚಾದರೆ ಬೆಲೆ ಇಳಿಯುತ್ತದೆ’ ಎನ್ನುವುದು ಇನ್ನೊಂದು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಸೇರಿದ ಮೇಲೆ ಈ ವಾದ ಇನ್ನೂ ಬಿಸಿಯಾಯಿತು. ಎರಡು ದನಿಯಲ್ಲೂ ಹುರುಳಿದೆ. ತೊಡಕು ಏನೆಂದರೆ, ಇಬ್ಬರೂ ‘ಸಾಂದ್ರತೆ’ ಎಂಬ ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿದ್ದಾರೆ. ಒಬ್ಬರಿಗೆ ಅದು ಕಟ್ಟಡದ ಎತ್ತರ, ಇನ್ನೊಬ್ಬರಿಗೆ ಬೀದಿಯ ಗದ್ದಲ. ಅಲ್ಲಿ ರಾತ್ರಿ ಮಲಗುವವರು ಎಷ್ಟು ಮಂದಿ ಎಂಬ ಲೆಕ್ಕ ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ.

ಒಂದು ಸೈಟನ್ನು ಹತ್ತಿರದಿಂದ ನೋಡೋಣ. ಹಳೇ ಪೇಟೆಯ ಜಾಗಗಳು ಸಾಮಾನ್ಯವಾಗಿ ಮುಂಭಾಗ ಕಿರಿದು, ಆಳ ಉದ್ದ. ಲೆಕ್ಕಕ್ಕೆ 20 ಅಡಿ ಅಗಲ, 60 ಅಡಿ ಉದ್ದ ಇಟ್ಟುಕೊಳ್ಳಿ: 1,200 ಚದರ ಅಡಿ. ಎಫ್‌ಎಆರ್ ಎಂದರೆ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣ ಸೈಟಿನ ಎಷ್ಟು ಪಟ್ಟು ಇರಬಹುದು ಎಂಬ ಮಿತಿ. ಅದು 1.75 ಎಂದಾದರೆ 2,100 ಚದರ ಅಡಿ ಕಟ್ಟಬಹುದು. ಒಂದು ಅಂತಸ್ತಿಗೆ 700 ಅಡಿಯಂತೆ ನೆಲದಂತಸ್ತು ಸೇರಿ ಮೂರು ಅಂತಸ್ತು. ಅದರಲ್ಲಿ ಮೆಟ್ಟಿಲಿಗೆ ನೂರು ಅಡಿ ಹೋದರೆ ಬಳಕೆಗೆ ಉಳಿಯುವುದು ಅಂತಸ್ತಿಗೆ 600.

ಕೆಳಗೆ ಅಂಗಡಿ. ಮೇಲಿನ ಎರಡು ಅಂತಸ್ತು ಗೋದಾಮಾದರೆ ಅಲ್ಲಿ ವಾಸಿಸುವವರು ಸೊನ್ನೆ. ಅಂತಸ್ತಿಗೆ ಒಂದು ಕುಟುಂಬವಿದ್ದರೆ, ಮನೆಗೆ ನಾಲ್ವರಂತೆ 8 ಜನ. ಅಂತಸ್ತನ್ನೇ 300 ಅಡಿಯ ಎರಡು ಚಿಕ್ಕ ಮನೆ ಮಾಡಿ, ಮೂವರು ಮೂವರು ಇದ್ದರೆ 12 ಜನ. ಬೀದಿಯಲ್ಲಿ ನಿಂತು ನೋಡುವವರಿಗೆ ಮೂರೂ ಒಂದೇ ಕಟ್ಟಡ: ಅದೇ ಎತ್ತರ, ಅದೇ ಎಫ್‌ಎಆರ್. ಪೇಟೆ ಕಿಕ್ಕಿರಿದಂತೆ ಕಾಣುತ್ತ ಕಾಣುತ್ತಲೇ ಒಳಗೆ ವಾಸದ ಜನ ಕರಗಿಹೋಗುವುದು ಹೀಗೆ. ಹಗಲಿಡೀ ಲಾರಿ, ತಳ್ಳುಗಾಡಿ, ಹಮಾಲರ ಓಡಾಟ. ರಾತ್ರಿ ಒಂಬತ್ತಕ್ಕೆ ಶಟರ್ ಇಳಿದರೆ ಮೇಲೆ ದೀಪ ಉರಿಯುವ ಕಿಟಕಿ ಬೆರಳೆಣಿಕೆಯಷ್ಟು.

ಎಕರೆ ಲೆಕ್ಕದಲ್ಲೂ ಒಂದು ಎಡವಟ್ಟು ನಡೆಯುತ್ತದೆ. ಇಂಥ 36 ಸೈಟು ಸೇರಿದರೆ ಒಂದು ಎಕರೆ. ಸೈಟಿಗೆ 8 ಜನರಾದರೆ ಎಕರೆಗೆ ಸುಮಾರು 290. ಆದರೆ ಊರಿನಲ್ಲಿ ರಸ್ತೆ, ಗುಡಿ, ಮಸೀದಿ, ಶಾಲೆ, ಚರಂಡಿ ಎಲ್ಲ ಇವೆ. ಅರ್ಧ ನೆಲ ಅವಕ್ಕೆ ಹೋಯಿತೆಂದರೆ ಅದೇ ಜನವಸತಿ ಎಕರೆಗೆ 145. ಮೊದಲನೆಯದು ನಿವ್ವಳ ಸಾಂದ್ರತೆ, ಎರಡನೆಯದು ಒಟ್ಟು ಸಾಂದ್ರತೆ. ಸಭೆಯಲ್ಲಿ ಒಬ್ಬರು ನಿವ್ವಳದ ಅಂಕಿ ಹೇಳಿ ಹೆದರಿಸುತ್ತಾರೆ, ಇನ್ನೊಬ್ಬರು ಒಟ್ಟು ಅಂಕಿ ಹೇಳಿ ಸಮಾಧಾನ ಮಾಡುತ್ತಾರೆ. ಯಾವುದೇ ಅಂಕಿ ಕೇಳಿದರೂ ‘ರಸ್ತೆ ಸೇರಿಯೋ, ಬಿಟ್ಟೋ’ ಎಂದು ಮೊದಲು ಕೇಳಬೇಕು.

ಇಕ್ಕಟ್ಟು ಬೇರೆ, ಸಾಂದ್ರತೆ ಬೇರೆ. ಎಕರೆಗೆ ಜನ ಎಷ್ಟು ಎನ್ನುವುದು ಸಾಂದ್ರತೆ, ಒಂದು ಕೋಣೆಗೆ ಎಷ್ಟು ಎನ್ನುವುದು ಇಕ್ಕಟ್ಟು. 2012ರಲ್ಲಿ ಕೇಂದ್ರದ ತಾಂತ್ರಿಕ ಸಮಿತಿ ದೇಶದ ನಗರಗಳಲ್ಲಿ 1.878 ಕೋಟಿ ಮನೆಗಳ ಕೊರತೆ ಎಂದು ಅಂದಾಜಿಸಿತು. ಅದರಲ್ಲಿ ಸುಮಾರು 1.5 ಕೋಟಿ, ಸೂರು ಇದ್ದೂ ಇಕ್ಕಟ್ಟಿನಲ್ಲಿ ಬದುಕುವ ಕುಟುಂಬಗಳ ಲೆಕ್ಕ. ಕೊರತೆಯ ಶೇ 95ಕ್ಕೂ ಹೆಚ್ಚು ಭಾಗ ಬಡವರು ಮತ್ತು ಕಡಿಮೆ ಆದಾಯದವರದ್ದು. ಇದಕ್ಕೆ ಎದುರಾಗಿ 2011ರ ಜನಗಣತಿ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿವೆ ಎಂದಿತು. ಬೇಡಿಕೆಯ ಮಾತು ಆಡುವಾಗ ಈ ಎರಡು ಅಂಕಿ ಒಟ್ಟಿಗೆ ತಲೆಯಲ್ಲಿರಬೇಕು. ಮನೆ ಬೇಕಾದವರಿಗೆ ಕಟ್ಟಿದ ಮನೆ ಎಟುಕುತ್ತಿಲ್ಲ. ಕಟ್ಟುವವರು ಯಾರಿಗೆಂದು ಕಟ್ಟುತ್ತಾರೋ ಅವರಿಗೆ ಅದು ವಾಸಕ್ಕೆ ಬೇಕಿಲ್ಲ.

ದಾವಣಗೆರೆಯಲ್ಲೂ ಸೈಟಿಗಿರುವ ಬೇಡಿಕೆಯನ್ನೇ ಮನೆಯ ಬೇಡಿಕೆ ಎಂದು ಓದುವ ಅಭ್ಯಾಸವಿದೆ. ಊರ ಹೊರಗಿನ ಲೇಔಟಿನಲ್ಲಿ ಕಲ್ಲು ನೆಟ್ಟು ಬಿಟ್ಟ ಸೈಟು ಚಿನ್ನದ ಹಾಗೆ, ಮಗಳ ಮದುವೆಗೋ ಮಗನ ಸೀಟಿಗೋ ಇಟ್ಟ ಗಂಟು. ಅದು ಮಾರಾಟವಾದ ಮಾತ್ರಕ್ಕೆ ಅಲ್ಲಿ ಒಬ್ಬರಿಗೂ ಸೂರು ಬಂದಂತಲ್ಲ. ನಡುಪೇಟೆಯಲ್ಲಿ ನಿಜವಾಗಿ ಮನೆ ಹುಡುಕುವವರು ಬೇರೆ: ಅಂಗಡಿಯ ಕೆಲಸದವರು, ಹಮಾಲರು, ಆಸ್ಪತ್ರೆಯ ನರ್ಸುಗಳು, ಕಾಲೇಜಿನ ಹುಡುಗ ಹುಡುಗಿಯರು, ಹೊಸದಾಗಿ ಮದುವೆಯಾದವರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಂಟಿಯಾದ ಹಿರಿಯರು. ಇವರ ಬೇಡಿಕೆ ಕೊಳ್ಳುವುದರಲ್ಲಿ ಕಾಣುವುದಿಲ್ಲ, ಬಾಡಿಗೆಯಲ್ಲಿ ಕಾಣುತ್ತದೆ. ಖಾಲಿ ಬೋರ್ಡು ಹಾಕಿದ ಮನೆ ಎಷ್ಟು ದಿನಕ್ಕೆ ತುಂಬುತ್ತದೆ, ಮುಂಗಡ ಎಷ್ಟು ಕೇಳುತ್ತಾರೆ, ಒಂದು ಕೋಣೆಯ ಮನೆಗೂ ಎರಡು ಕೋಣೆಯದಕ್ಕೂ ಬಾಡಿಗೆಯ ಅಂತರ ಎಷ್ಟು ಎಂಬುದನ್ನು ಒಂದು ಬೀದಿಯಲ್ಲಿ ಮನೆ ಮನೆ ತಿರುಗಿ ಬರೆದುಕೊಂಡರೆ, ನೋಂದಣಿ ಕಚೇರಿಯ ದರಪಟ್ಟಿ ಹೇಳದ ಸಂಗತಿ ಗೊತ್ತಾಗುತ್ತದೆ.

ಹಾಗಾದರೆ ಬಾಡಿಗೆದಾರರು ಇದ್ದೂ ಮಾಲೀಕರು ಮನೆ ಏಕೆ ಕಟ್ಟುವುದಿಲ್ಲ? ಲೆಕ್ಕ ಹಾಕಿದರೆ ಕಾರಣ ತಾನೇ ಹೊರಬರುತ್ತದೆ. ಈ ಮುಂದಿನವು ಉದಾಹರಣೆಗಾಗಿ ಇಟ್ಟ ದರಗಳು. ನಿಮ್ಮ ಬೀದಿಯ ದರ ಹಾಕಿ ಮತ್ತೆ ಲೆಕ್ಕ ಮಾಡಬಹುದು. ಜಾಗ ಚದರ ಅಡಿಗೆ 6,000 ರೂಪಾಯಿಯಂತೆ 72 ಲಕ್ಷ. ಕಟ್ಟಲು ಅಡಿಗೆ 2,000ದಂತೆ 42 ಲಕ್ಷ. ಒಟ್ಟು 114 ಲಕ್ಷ. ಕೆಳಗಿನ 600 ಅಡಿ ಅಂಗಡಿಗೆ ಅಡಿಗೆ 45ರಂತೆ ತಿಂಗಳಿಗೆ 27,000. ಮೇಲಿನ ಎರಡು ಮನೆಗೆ ತಲಾ 8,000. ತಿಂಗಳಿಗೆ 43,000, ವರ್ಷಕ್ಕೆ 5.16 ಲಕ್ಷ: ಹಾಕಿದ ಹಣಕ್ಕೆ ಶೇ 4.5. ಅಂಗಡಿ ಬಿಟ್ಟು ಮೂರೂ ಅಂತಸ್ತು ಮನೆ ಮಾಡಿದರೆ ಶೇ 2.5ಕ್ಕೆ ಕುಸಿಯುತ್ತದೆ. ಎಂದರೆ ಮೇಲಿನ ಮನೆಗಳನ್ನು ಹೊತ್ತು ನಿಂತಿರುವುದು ಕೆಳಗಿನ ಅಂಗಡಿ. ಇನ್ನು ಮೇಲಂತಸ್ತನ್ನು ಗೋದಾಮಿಗೆ ಕೊಟ್ಟರೆ ಅಡಿಗೆ 15 ಸಿಕ್ಕರೂ 9,000. ನಲ್ಲಿ ಬೇಡ, ಶೌಚಾಲಯ ಬೇಡ, ಬಾಡಿಗೆದಾರರ ತಕರಾರು ಬೇಡ. ಮಾಲೀಕರು ಗೋದಾಮಿನ ಕಡೆ ವಾಲುವುದು ಈ ಸಾವಿರ ರೂಪಾಯಿಗೆ ಮತ್ತು ಈ ನೆಮ್ಮದಿಗೆ.

‘ಎಫ್‌ಎಆರ್ ಹೆಚ್ಚಿಸಿ’ ಎನ್ನುವವರ ವಾದವನ್ನು ಇದೇ ತಕ್ಕಡಿಯಲ್ಲಿ ತೂಗೋಣ. ಇನ್ನೊಂದು ಅಂತಸ್ತಿಗೆ ಅನುಮತಿ ಸಿಕ್ಕಿ 2,800 ಅಡಿಯಾಯಿತು. ಖರ್ಚು 128 ಲಕ್ಷ, ಬಾಡಿಗೆ ತಿಂಗಳಿಗೆ 51,000. ಲಾಭಾಂಶ ಶೇ 4.5ರಿಂದ 4.8ಕ್ಕೆ ಏರಿತು, ಅಷ್ಟೇ. ಅದೇ ನಾಲ್ಕಂತಸ್ತಿನ ಕಟ್ಟಡದ ಮೇಲಿನ ಎರಡು ಅಂತಸ್ತನ್ನು 5,000 ಬಾಡಿಗೆಯ ಚಿಕ್ಕ ಮನೆಗಳಾಗಿ ಒಡೆದರೆ ತಿಂಗಳಿಗೆ 55,000, ಶೇ 5.2. ಅಂತಸ್ತು ಏರಿಸಿದ್ದಕ್ಕಿಂತ ಮನೆ ಚಿಕ್ಕದು ಮಾಡಿದ್ದರಿಂದ ಹೆಚ್ಚು ಲಾಭ, ಜನರಿಗೂ ಹೆಚ್ಚು ಮನೆ. ಆದರೆ ಒಂದು ಮನೆಗೆ ಇಷ್ಟು ಎಂದು ಪಾರ್ಕಿಂಗ್ ಕೇಳುವ ನಿಯಮ ಇದ್ದ ಕಡೆ ಮನೆ ಒಡೆದಷ್ಟೂ ಪಾರ್ಕಿಂಗ್ ಹೆಚ್ಚು ತೋರಿಸಬೇಕಾಗುತ್ತದೆ, ಆಗ ಚಿಕ್ಕ ಮನೆ ಕಟ್ಟುವ ಆಸೆ ಅಲ್ಲಿಗೇ ಮುರಿಯುತ್ತದೆ.

ಬೆಲೆಯ ವಾದದ ನಿಜವಾದ ಗಂಟು ಮುಂದಿದೆ. ಎಫ್‌ಎಆರ್ ಏರುವ ಸುದ್ದಿ ಮೊದಲು ಮುಟ್ಟುವುದು ಜಾಗ ಮಾರುವವರ ಕಿವಿಗೆ. ಮೂರರ ಬದಲು ನಾಲ್ಕಂತಸ್ತು ಕಟ್ಟಬಹುದೆಂದರೆ 72 ಲಕ್ಷದ ಜಾಗಕ್ಕೆ ಅವರು 96 ಲಕ್ಷ ಕೇಳುತ್ತಾರೆ. ಅಷ್ಟು ಕೊಟ್ಟು ಕೊಂಡವರಿಗೆ ಅದೇ 51,000 ಬಾಡಿಗೆಯ ಮೇಲೆ ಶೇ 4 ಮಾತ್ರ: ಮೊದಲಿಗಿಂತ ಕಡಿಮೆ. ಹೆಚ್ಚುವರಿ ಅಂತಸ್ತಿನ ಲಾಭವನ್ನು ನೆಲವೇ ನುಂಗಿತು. ಹಾಗೆಂದು ಎಫ್‌ಎಆರ್ ಹೆಚ್ಚಿಸಿದರೆ ಏನೂ ಆಗದು ಎನ್ನುವುದೂ ಸರಿಯಲ್ಲ. ಒಂದೆರಡು ರಸ್ತೆಗೆ, ಆಯ್ದ ಕೆಲವು ಸೈಟಿಗೆ ಮಾತ್ರ ಕೊಟ್ಟರೆ ಆ ಮಾಲೀಕರು ಹೇಳಿದ್ದೇ ಬೆಲೆ. ಅಶೋಕ ರಸ್ತೆ, ಪಿ.ಬಿ. ರಸ್ತೆ, ಪಿ.ಜೆ. ಬಡಾವಣೆ, ನಿಟುವಳ್ಳಿ ಎಲ್ಲ ಕಡೆ ಒಟ್ಟಿಗೆ ಕೊಟ್ಟರೆ ಮಾರುವವರು ಅನೇಕರಾಗುತ್ತಾರೆ, ಒಬ್ಬರ ಪಟ್ಟಿಗೆ ಬೆಲೆ ನಿಲ್ಲದು. ಸ್ವಂತ ಜಾಗದಲ್ಲಿ ತಾವೇ ಕಟ್ಟುವ ಕುಟುಂಬಕ್ಕೆ ಈ ತೊಂದರೆಯೇ ಇಲ್ಲ. ನಮ್ಮ ಪೇಟೆಯಲ್ಲಿ ಮನೆ ಹೆಚ್ಚಿಸಬಲ್ಲವರು ಹೊರಗಿನ ಬಿಲ್ಡರ್‌ಗಿಂತ ಇವರೇ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ನಾಲ್ಕು ಅಂತಸ್ತಿನ ಆಚೆಗೆ ಲೆಕ್ಕ ಕೆಡುತ್ತದೆ. ಐದನೆಯದು ಬಂದರೆ ಲಿಫ್ಟ್ ಇಲ್ಲದೆ ಬಾಡಿಗೆದಾರರು ಬರುವುದಿಲ್ಲ. 20 ಅಡಿ ಅಗಲದ ಸೈಟಿನಲ್ಲಿ ಲಿಫ್ಟಿನ ಗುಂಡಿ, ಅದರ ಮುಂದಿನ ಜಾಗ ಪ್ರತಿ ಅಂತಸ್ತಿನಲ್ಲೂ ಒಂದು ಅಡುಗೆಮನೆಯಷ್ಟನ್ನು ತಿನ್ನುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮುಟ್ಟಿದ ಕಟ್ಟಡವನ್ನು ಬಹುಮಹಡಿ ಎಂದು ಎಣಿಸುತ್ತದೆ; ಅಲ್ಲಿಂದ ಅಗ್ನಿಶಾಮಕ ವಾಹನ ಸುತ್ತುವಷ್ಟು ದಾರಿ, ಪ್ರತ್ಯೇಕ ನೀರಿನ ತೊಟ್ಟಿ, ಪಂಪು ಎಲ್ಲ ಸೇರುತ್ತವೆ. ಅಂತಸ್ತಿಗೆ 3 ಮೀಟರಿನಂತೆ ನೆಲ ಮತ್ತು ಮೂರು 12 ಮೀಟರ್, ಇನ್ನೊಂದು ಏರಿಸಿದರೆ 15. ಮಂಡಿಪೇಟೆಯ ಗಲ್ಲಿಗೆ ಎತ್ತರದ ಗೋಪುರ ಬೇಕಿಲ್ಲ. ನೆಲ ಮತ್ತು ಮೂರು ಅಂತಸ್ತು, ಮೇಲೆಲ್ಲ ಮನೆ ಎಂದಿಟ್ಟರೆ ಸೈಟಿಗೆ 16 ಜನ ಆರಾಮಾಗಿ ಹಿಡಿಸುತ್ತಾರೆ: ಒಂದು ಅಂತಸ್ತಿನಲ್ಲಿ ನಾಲ್ವರ ಕುಟುಂಬ, ಉಳಿದೆರಡರಲ್ಲಿ ಮೂವರಂತೆ ನಾಲ್ಕು ಚಿಕ್ಕ ಮನೆ.

ಪಾರ್ಕಿಂಗ್ ವಿಷಯಕ್ಕೆ ಬರೋಣ. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. 20 ಅಡಿ ಸೈಟಿನಲ್ಲಿ ಕಂಬ, ಗೋಡೆ ಕಳೆದು ಪಕ್ಕಪಕ್ಕ ಎರಡೇ ಕಾರು. ಅದರ ಹಿಂದೆ ಇನ್ನೆರಡು ನಿಲ್ಲಿಸಬಹುದು, ಆದರೆ ಹಿಂದಿನದು ಹೊರಬರಲು ಮುಂದಿನವರನ್ನು ಎಬ್ಬಿಸಬೇಕು. ಇಷ್ಟಕ್ಕೆ ನೆಲದಂತಸ್ತು ಪೂರ್ತಿ ಹೋಯಿತು, ಅಂಗಡಿ ಹೋಯಿತು. ಮೂರಂತಸ್ತಿನ ಮೊದಲ ಲೆಕ್ಕದಲ್ಲಿ ಎರಡು ಮನೆಯ ಬಾಡಿಗೆ ಮಾತ್ರ ಉಳಿದು ಶೇ 1.7. ಯಾರೂ ಕಟ್ಟುವುದಿಲ್ಲ. ಕಟ್ಟಿದವರೂ ನಕ್ಷೆಯಲ್ಲಿ ಪಾರ್ಕಿಂಗ್ ತೋರಿಸಿ, ಮರುವರ್ಷ ಶಟರ್ ಹಾಕಿಸುತ್ತಾರೆ. ಆಗ ಕಾರೂ ಬೀದಿಗೆ, ಕಟ್ಟಡವೂ ನಕ್ಷೆ ಉಲ್ಲಂಘನೆಗೆ. ನಡುಪೇಟೆಗೆ ಬಾಡಿಗೆಗೆ ಬರುವವರ ಬಳಿ ಹೆಚ್ಚಾಗಿ ಇರುವುದು ಬೈಕು, ಸ್ಕೂಟಿ. ಹತ್ತು ದ್ವಿಚಕ್ರ ವಾಹನಕ್ಕೆ ಓಡಾಟದ ಜಾಗ ಸೇರಿ 250ರಿಂದ 300 ಚದರ ಅಡಿ ಸಾಕು, ಅದು ಅಂಗಡಿಯ ಹಿಂದಿನ ತೆರೆದ ಜಾಗದಲ್ಲೇ ಹಿಡಿಸುತ್ತದೆ. ಕಿರಿದಾದ ಸೈಟಿಗೆ ಕಾರಿನ ನಿಯಮ ಸಡಿಲಿಸಿ, ಬೀದಿಗೊಂದು ಸಾಮೂಹಿಕ ನಿಲ್ದಾಣ ಮಾಡಿ ಅದರ ಬಾಡಿಗೆಯನ್ನು ಕಾರು ಇಟ್ಟವರಿಂದಲೇ ಪಡೆಯುವುದು ನ್ಯಾಯ.

ನೀರಿನ ಭಯ ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಇದನ್ನು ನಿಧಾನವಾಗಿ ನೋಡಬೇಕು. ಊರಿಗೆ ರಾಜನಹಳ್ಳಿಯಿಂದ ತುಂಗಭದ್ರೆಯ ನೀರು, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯ ನೀರು ಬರುತ್ತದೆ. 40 ಸೈಟಿನ ಒಂದು ಗಲ್ಲಿ. ಸೈಟಿಗೆ 8ರಂತೆ 320 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಅಳತೆಯಂತೆ 43,200 ಲೀಟರ್. ಸೈಟಿಗೆ 16 ಆದರೆ 86,400. ನೀರು ದಿನದಲ್ಲಿ ಎರಡೇ ಗಂಟೆ ಬಿಟ್ಟರೆ ಮೊದಲನೆಯದಕ್ಕೆ ಸೆಕೆಂಡಿಗೆ 6 ಲೀಟರ್, ಎರಡನೆಯದಕ್ಕೆ 12 ಲೀಟರ್ ಹರಿಯಬೇಕು. ನಾಲ್ಕಿಂಚಿನ ಪೈಪಿನಲ್ಲಿ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋದರೆ ಸಾಗುವುದು ಹತ್ತಿರ ಹತ್ತಿರ 8 ಲೀಟರ್. 6 ಹಿಡಿಸಿತು, 12 ಹಿಡಿಸದು. ಗಲ್ಲಿಯ ಕೊನೆಯ ಮನೆಗೆ ನಲ್ಲಿ ಗಾಳಿ ಊದುತ್ತದೆ. ಆ ಮನೆಯವರು ಪೈಪಿಗೆ ನೇರ ಮೋಟರ್ ಹಚ್ಚುತ್ತಾರೆ, ನೋಡಿ ಪಕ್ಕದವರೂ ಹಚ್ಚುತ್ತಾರೆ. ಪೈಪಿನೊಳಗೆ ಒತ್ತಡದ ಬದಲು ಎಳೆತ ಹುಟ್ಟಿ, ಸಡಿಲ ಜಾಯಿಂಟಿನಿಂದ ಚರಂಡಿಯ ನೀರೂ ಒಳಗೆ ಬರುತ್ತದೆ. ಆಮೇಲೆ ವಾಂತಿ, ಭೇದಿ.

ಅದೇ 86,400 ಲೀಟರನ್ನು 24 ಗಂಟೆಗೆ ಹಂಚಿದರೆ ಸೆಕೆಂಡಿಗೆ 1 ಲೀಟರ್. ಬೆಳಗಿನ ಹೊತ್ತು ಮೂರು ಪಟ್ಟು ಬಳಸಿದರೂ 3 ಲೀಟರ್. ಹಳೆಯ ನಾಲ್ಕಿಂಚಿನ ಪೈಪೇ ಧಾರಾಳವಾಗಿ ಸಾಕು. ಗಲ್ಲಿಯ ಮಟ್ಟದಲ್ಲಿ ಸಾಂದ್ರತೆಯನ್ನು ತಡೆಯುತ್ತಿರುವುದು ನೀರು ಬಿಡುವ ಗಂಟೆ. ಸತತ ಸರಬರಾಜು ಬರುವ ತನಕ ಪ್ರತಿ ಹೊಸ ಕಟ್ಟಡಕ್ಕೂ ಸಂಪು ಕಡ್ಡಾಯ ಬೇಕು: 16 ಜನಕ್ಕೆ ನಾಲ್ಕು ದಿನದ ನೀರು 8,640 ಲೀಟರ್, ಎಂದರೆ ಒಳಅಳತೆ 2 ಮೀಟರ್ ಉದ್ದ, 2 ಅಗಲ, 2.2 ಆಳ. ಒಳಚರಂಡಿಯ ಚೇಂಬರಿನಿಂದ ಸಾಧ್ಯವಾದಷ್ಟು ದೂರ, ಬಾಯಿ ನೆಲಮಟ್ಟಕ್ಕಿಂತ ಅರ್ಧ ಅಡಿ ಮೇಲೆ ಇರಲಿ.

ಒಳಚರಂಡಿಯಲ್ಲಿ ಜನರ ಮೇಲೆ ಹೊರಿಸುವ ತಪ್ಪು ಬಹುಪಾಲು ಮಳೆಯದು. ಬಳಸಿದ ನೀರಿನ ಶೇ 80 ಚರಂಡಿಗೆ ಬರುತ್ತದೆಂದರೆ, 640 ಜನರ ಗಲ್ಲಿಯಿಂದ ಬೆಳಗಿನ ಏರುಹೊತ್ತಿನಲ್ಲೂ ಸೆಕೆಂಡಿಗೆ ಎರಡೂವರೆ ಲೀಟರ್ ಮಾತ್ರ. ಆದರೆ ತಾರಸಿಯ ಪೈಪನ್ನು ಒಳಚರಂಡಿಯ ಚೇಂಬರಿಗೆ ಸೇರಿಸಿಬಿಟ್ಟಿದ್ದರೆ, ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದಾಗ 700 ಅಡಿಯ ಒಂದು ತಾರಸಿ ಸೆಕೆಂಡಿಗೆ 0.9 ಲೀಟರ್ ಸುರಿಯುತ್ತದೆ. 40 ತಾರಸಿಗೆ 36 ಲೀಟರ್. ಆರಿಂಚಿನ ಪೈಪು ಪೂರ್ತಿ ತುಂಬಿ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡಿದರೂ 18 ದಾಟದು. ಚೇಂಬರಿನ ಮುಚ್ಚಳ ಎದ್ದು ಹೊಲಸು ಅಂಗಡಿಗೆ ನುಗ್ಗುವುದು ಇದರಿಂದ. ಅಂತಸ್ತು ಏರಿಸಿದರೆ ತಾರಸಿ ದೊಡ್ಡದಾಗುವುದಿಲ್ಲ, ಮಳೆನೀರೂ ಹೆಚ್ಚುವುದಿಲ್ಲ. ಕಟ್ಟಡ ಪೂರ್ಣಗೊಂಡ ಪತ್ರ ಕೊಡುವ ಮೊದಲು ತಾರಸಿಗೆ ಬಕೆಟ್ಟಿನಲ್ಲಿ ಬಣ್ಣದ ನೀರು ಸುರಿದು, ಅದು ಚೇಂಬರಿನಲ್ಲಿ ಕಾಣುತ್ತದೋ ಮಳೆಚರಂಡಿಯಲ್ಲಿ ಕಾಣುತ್ತದೋ ನೋಡಿದರೆ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಬೆಳಕು, ಗಾಳಿಯ ಪ್ರಶ್ನೆಗೆ ನಮ್ಮ ಹಿರಿಯರೇ ಉತ್ತರ ಕಟ್ಟಿಟ್ಟಿದ್ದರು. ಮುಂದೆ ಜಗಲಿ, ನಡುವೆ ತೊಟ್ಟಿ (ಬಾನಿಗೆ ತೆರೆದ ಒಳಅಂಗಳ), ಹಿಂದೆ ಹಿತ್ತಲು. ತೊಟ್ಟಿ ಮುಚ್ಚಿ ಸ್ಲ್ಯಾಬ್ ಹಾಕಿದ ದಿನದಿಂದ ನಡುಕೋಣೆಗೆ ಹಗಲಲ್ಲೂ ಲೈಟು ಬೇಕಾಯಿತು. 20 ಅಡಿಯ ಸೈಟಿನಲ್ಲಿ ಹತ್ತಡಿ ಅಗಲದ ತೆರೆದ ಅಂಗಳ ಬಿಟ್ಟರೆ ಅರ್ಧ ಮನೆಯೇ ಹೋಗುತ್ತದೆ. ಅಕ್ಕಪಕ್ಕದ ಮೂವರು ಸೇರಿ 60 ಅಡಿ ಅಗಲ ಮಾಡಿಕೊಂಡರೆ ಒಂದೇ ಅಂಗಳಕ್ಕೆ ಎಲ್ಲ ಮನೆಯ ಕಿಟಕಿ ತೆರೆಯಬಹುದು. ನೂರು ನೂರು ಅಡಿಯ ಮೂರು ಮೆಟ್ಟಿಲ ಬದಲು ಇನ್ನೂರಡಿಯಲ್ಲಿ ಅಗಲವಾದ ಒಂದು ಮೆಟ್ಟಿಲು, ಪಕ್ಕದಲ್ಲಿ ಲಿಫ್ಟು. ಪಾಲುದಾರರು ತಮ್ಮ ಹಕ್ಕನ್ನು ಬಿಡಬೇಕಾಗಿಯೂ ಇಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದ್ದು, ಮನೆ ಅವರವರದು, ನೆಲ ಪಾಲಿನ ಲೆಕ್ಕದಲ್ಲಿ ಎಲ್ಲರದು.

ಇದು ನಿಲ್ಲುವುದು ಕಾಗದದಲ್ಲಿ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿ ಇರುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಕೊಟ್ಟ ಅತ್ತೆಯ ಸಹಿ ಇಲ್ಲದೆ ಮಾಡಿದ ಒಪ್ಪಂದ ಪಾಯ ಎದ್ದ ಮೇಲೆ ತಡೆಯಾಜ್ಞೆಯಲ್ಲಿ ಮುಗಿಯುತ್ತದೆ. ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾದ ಖಾತೆ), ನೋಂದಾಯಿತ ವಿಭಾಗ ಪತ್ರ, ಜಾಗದ ಮೇಲಿನ ಸಾಲ, ಮಾರಾಟ ತೋರಿಸುವ 30 ವರ್ಷದ ಋಣಭಾರ ಪತ್ರ ಇವು ಮೊದಲು, ನಕ್ಷೆ ಆಮೇಲೆ.

ಕೆಡವುವ ಹೊತ್ತಿನ ಅಪಾಯವನ್ನು ಪೇಟೆಯಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಹಳೆಯ ಮನೆಗಳ ನಡುಗೋಡೆ ಇಬ್ಬರಿಗೂ ಸೇರಿದ್ದು, ಮಣ್ಣುಗಾರೆಯ ಕಲ್ಲುಗೋಡೆ. ಪಕ್ಕದ ಮನೆಯ ತೊಲೆಗಳ ತುದಿ ಅದರೊಳಗೆ ಕೂತಿರುತ್ತದೆ. ಅದರ ಪಾಯ ಮೂರಡಿ ಇದ್ದು, ನೀವು ಹೊಸ ಕಂಬಕ್ಕೆಂದು ಗೋಡೆಯ ಉದ್ದಕ್ಕೂ ಐದಾರು ಅಡಿ ಆಳ ತೋಡಿದರೆ ಗೋಡೆಯ ಕೆಳಗಿನ ಮಣ್ಣು ಜಾರುತ್ತದೆ. ಕಪ್ಪು ಮಣ್ಣಿದ್ದ ಕಡೆ ಒಂದು ಮಳೆ ಸಾಕು. ತೋಡುವ ಮೊದಲು ಪಕ್ಕದ ಗೋಡೆಗೆ ಆಸರೆ ಕಟ್ಟಬೇಕು, ತೊಲೆಗಳಿಗೆ ಬೇರೆ ಆಧಾರ ಕೊಡಬೇಕು, ಗೋಡೆಗುಂಟ ನಾಲ್ಕು ನಾಲ್ಕು ಅಡಿಯಾಗಿ ಒಂದು ಬಿಟ್ಟು ಒಂದು ತೋಡಿ, ಕಾಂಕ್ರೀಟು ತುಂಬಿ ಗಟ್ಟಿಯಾದ ಮೇಲೆ ನಡುವಿನದನ್ನು ತೋಡಬೇಕು. ಪಕ್ಕದ ಮನೆಯ ಈಗಿರುವ ಬಿರುಕುಗಳ ಫೋಟೊ ತೆಗೆದು, ಅಡ್ಡಲಾಗಿ ಸುಣ್ಣದ ಪಟ್ಟಿ ಬಳಿದು ದಿನಾಂಕ ಬರೆದಿಡಿ. ಪಟ್ಟಿ ಒಡೆದ ದಿನ ಕೆಲಸ ನಿಲ್ಲಿಸಬೇಕು.

ಇನ್ನು ಬಾಡಿಗೆ ಅಂಗಡಿಯವರು. ಮೂವತ್ತು ವರ್ಷ ಒಂದೇ ಮೂಲೆಯಲ್ಲಿ ಕೂತು ಗಿರಾಕಿ ಕಟ್ಟಿಕೊಂಡವರನ್ನು ಹದಿನೆಂಟು ತಿಂಗಳು ಎಲ್ಲಿ ಕೂರಿಸುತ್ತೀರಿ ಎಂಬುದಕ್ಕೆ ಉತ್ತರವಿಲ್ಲದ ಯೋಜನೆ ಮುಂದೆ ಹೋಗದು, ಹೋಗಲೂಬಾರದು. ತಾತ್ಕಾಲಿಕ ಅಂಗಡಿ ಎಲ್ಲಿ, ಅದರ ಬಾಡಿಗೆ ಯಾರದು, ವಾಪಸು ಸಿಗುವ ಜಾಗದ ಮುಂಭಾಗ ಎಷ್ಟು ಅಡಿ, ತಡವಾದರೆ ತಿಂಗಳಿಗೆ ಪರಿಹಾರ ಎಷ್ಟು ಎಂಬ ನಾಲ್ಕನ್ನೂ ಸಹಿ ಹಾಕಿದ ಕಾಗದದಲ್ಲಿ ಬರೆಯಬೇಕು. 60 ಅಡಿ ಆಳದ ಸೈಟಿನಲ್ಲಿ ಹಿಂಭಾಗವನ್ನು ಮೊದಲು ಕಟ್ಟಿ, ಮುಂದಿನ ಅಂಗಡಿಯನ್ನು ಅಷ್ಟು ದಿನ ನಡೆಸಿ, ಆಮೇಲೆ ಅದನ್ನು ಹಿಂದಕ್ಕೆ ಸರಿಸಿ ಮುಂಭಾಗ ಕೆಡವಬಹುದು. ಕೆಡವಲು ದೀಪಾವಳಿ ವ್ಯಾಪಾರ ಮುಗಿದ ವಾರವೇ ಸೂಕ್ತ: ಮುಂಗಾರು ಬರುವಷ್ಟರಲ್ಲಿ ಪಾಯ ಮೇಲೆದ್ದು, ಅಂಗಡಿಯ ಮೇಲಿನ ಮೊದಲ ಸ್ಲ್ಯಾಬ್ ಬಿದ್ದಿರುತ್ತದೆ.